ಪಾರ್ಲೆಯ ಪುಟ್ಟ ಹಾಲ್‌ಗೆ ಮೊದಲ ಹೋಂ ಥಿಯೇಟರ್

ಹೋಂ ಥಿಯೇಟರ್‌ಗೆ ಸ್ಪೀಕರ್ ಕೊಳ್ಳುವ ಮುನ್ನ ಹಾಲ್‌ನ ಅಳತೆ ಹಿಡಿಯಬೇಕು. ಮುಂಬೈಯ ವಿಲೆ ಪಾರ್ಲೆಯ ಹಳೆಯ ಸೊಸೈಟಿ ಕಟ್ಟಡಗಳಲ್ಲಾಗಲಿ, ಅವನ್ನು ಕೆಡವಿ ರೀಡೆವಲಪ್‌ಮೆಂಟ್‌ನಲ್ಲಿ ಎದ್ದ ಹೊಸ ಟವರ್‌ಗಳಲ್ಲಾಗಲಿ, ಒಂದು ಬೆಡ್‌ರೂಮಿನ ಮನೆಯ ಹಾಲ್ ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ ಇದ್ದರೆ ಅದೃಷ್ಟವೇ ಸರಿ. ಒಂದು ತುದಿಗೆ ಕಿಟಕಿ ಅಥವಾ ಬಾಲ್ಕನಿ, ಇನ್ನೊಂದು ತುದಿಗೆ ಅಡುಗೆಮನೆ ಕಡೆಗಿನ ಪ್ಯಾಸೇಜ್. ಉದ್ದದ ಒಂದು ಗೋಡೆಗೆ ಟಿವಿ, ಎದುರಿನ ಗೋಡೆಗೆ ಒತ್ತಿಕೊಂಡ ಸೋಫಾ; ಕೂತವರಿಗೂ ಟಿವಿಗೂ ನಡುವೆ ಏಳೆಂಟು ಅಡಿ. ಪಕ್ಕಕ್ಕೆ, ಮೇಲಕ್ಕೆ, ಕೆಳಕ್ಕೆ ನೆರೆಮನೆಗಳು. ಹೊರಗೆ ಪಶ್ಚಿಮ ರೈಲ್ವೆಯ ಹಳಿ, ಎಕ್ಸ್‌ಪ್ರೆಸ್ ಹೈವೇ, ಒತ್ತಿಗೇ ವಿಮಾನ ನಿಲ್ದಾಣ. ಐವತ್ತು ಅರವತ್ತು ಸಾವಿರ ರೂಪಾಯಿಯ ಬಜೆಟ್ಟಿನಲ್ಲಿ ಏನು ಕೊಳ್ಳಬೇಕು, ಏನನ್ನು ಸದ್ಯಕ್ಕೆ ಬಿಡಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಅಳತೆ ಮತ್ತು ಈ ನೆರೆಹೊರೆ.

ಸಿನಿಮಾದ ಧ್ವನಿ ಹೇಗೆ ಹಂಚಿಕೆಯಾಗಿರುತ್ತದೆ ಎಂದು ತಿಳಿದರೆ ಹಣ ಹಂಚುವುದು ಸುಲಭ. 5.1 ಎಂಬಲ್ಲಿನ ಐದು ಪೂರ್ಣ ಚಾನೆಲ್‌ಗಳು ಎಡ, ಬಲ, ಮಧ್ಯದ ಸೆಂಟರ್ ಮತ್ತು ಎರಡು ಸರೌಂಡ್. ‘.1’ ಎಂಬುದು ಸ್ಫೋಟ, ಗುಡುಗಿನಂಥ ತಗ್ಗು ಶಬ್ದಗಳಿಗೆಂದೇ ಇಟ್ಟ ಪ್ರತ್ಯೇಕ ಚಾನೆಲ್. ಅದರ ವ್ಯಾಪ್ತಿ 120 ಹರ್ಟ್ಸ್‌ವರೆಗೆ ಮಾತ್ರ. ಪಾತ್ರಗಳ ಮಾತು ಬಹುಪಾಲು ಸೆಂಟರ್ ಚಾನೆಲ್ಲಿನಲ್ಲೇ ಇರುತ್ತದೆ. ಸೆಂಟರ್ ಇಲ್ಲದೆ ಎಡ ಬಲ ಎರಡೇ ಸ್ಪೀಕರ್ ಇಟ್ಟರೂ ಮಾತು ಪರದೆಯ ನಡುವಿನಿಂದಲೇ ಬಂದಂತೆ ಕೇಳಿಸುತ್ತದೆ, ಆದರೆ ಸರಿಯಾಗಿ ನಡುವೆ ಕೂತವರಿಗೆ ಮಾತ್ರ. ನಾಲ್ಕು ಜನ ಕೂತ ಸೋಫಾದ ಅಂಚಿನಲ್ಲಿರುವವರಿಗೆ ನಾಯಕಿ ಪರದೆಯ ಬಲಗಡೆ ನಿಂತು ಎಡಗಡೆಯಿಂದ ಮಾತಾಡುತ್ತಾಳೆ. ಮನೆಯಲ್ಲಿ ‘ಡೈಲಾಗ್ ಕೇಳೋದಿಲ್ಲ, ಫೈಟ್ ಬಂದ್ರೆ ಕಿವಿ ಒಡೆಯುತ್ತೆ’ ಎಂಬ ದೂರು ಹುಟ್ಟುವುದು ಹೆಚ್ಚಾಗಿ ಸೆಂಟರ್‌ನಲ್ಲಿ ಉಳಿತಾಯ ಮಾಡಿದ್ದರಿಂದ. ತಿರುಗುವ ಫ್ಯಾನು, ಸೆಕೆಗೆ ತೆರೆದಿಟ್ಟ ಕಿಟಕಿ, ಆಗಾಗ ತಲೆಯ ಮೇಲೆ ಏರುವ ವಿಮಾನ, ಇಷ್ಟರ ನಡುವೆ ಮಾತು ಸ್ಪಷ್ಟವಾಗಿ ಕೇಳಿಸಬೇಕಾದ ಪಾರ್ಲೆಯಲ್ಲಿ ಆ ಉಳಿತಾಯ ಇನ್ನಷ್ಟು ದುಬಾರಿ.

ಮನೆಯಲ್ಲಿ ದಿನವೂ ಏನು ಕೇಳುತ್ತಾರೆ ಎಂಬುದೂ ಲೆಕ್ಕಕ್ಕೆ ಬರಬೇಕು. ಮುಂಬೈ ಕನ್ನಡಿಗರ ಮನೆಯ ಟಿವಿಯಲ್ಲಿ ವಾರಕ್ಕೊಂದು ಹೊಸ ಸಿನಿಮಾ ಓಡಬಹುದು. ಉಳಿದಂತೆ ಧಾರಾವಾಹಿ, ವಾರ್ತೆ, ಕ್ರಿಕೆಟ್, ಯೂಟ್ಯೂಬಿನ ಯಕ್ಷಗಾನ, ತಾಳಮದ್ದಳೆ. ಯೂಟ್ಯೂಬಿನ ಯಕ್ಷಗಾನ ಸಾಮಾನ್ಯವಾಗಿ ಎರಡೇ ಚಾನೆಲ್ಲಿನದು. ಡಾ. ರಾಜ್‌ಕುಮಾರ್ ಅವರ ಹೆಚ್ಚಿನ ಚಿತ್ರಗಳಂತೂ ಮೊನೊ ಧ್ವನಿಯವು. ಧ್ವನಿಯನ್ನು ಬಿಡಿಸಿ ಎಲ್ಲ ಸ್ಪೀಕರ್‌ಗಳಿಗೆ ಹಂಚುವ ರಿಸೀವರನ್ನು ಸರೌಂಡ್ ಮೋಡ್‌ನಲ್ಲಿ ಇಟ್ಟರೆ ಅವುಗಳ ಮಾತು, ಹಾಡು, ವಾದ್ಯ ಎಲ್ಲವೂ ಸೆಂಟರ್ ಒಂದರಿಂದಲೇ ಹೊರಡುತ್ತವೆ. ಹಾಗಾಗಿ ಈ ಮನೆಗಳಲ್ಲಿ ಹಿಂದಿನ ಎರಡು ಸ್ಪೀಕರ್‌ಗಳು ವಾರದ ಬಹುಭಾಗ ಸುಮ್ಮನಿರುತ್ತವೆ, ಮುಂದಿನ ಮೂರು ದುಡಿಯುತ್ತಿರುತ್ತವೆ.

ಈ ಬಜೆಟ್ಟಿನಲ್ಲಿ ಮೂರು ದಾರಿಗಳಿವೆ. ಮೊದಲನೆಯದು ಸಬ್‌ವೂಫರ್ (ತಗ್ಗು ಶಬ್ದಕ್ಕೆಂದೇ ಇರುವ ಸ್ಪೀಕರ್) ಜೊತೆಗಿನ ಸೌಂಡ್‌ಬಾರ್. ಬಾಡಿಗೆ ಮನೆಯಲ್ಲಿದ್ದು ಹನ್ನೊಂದು ತಿಂಗಳಿಗೊಮ್ಮೆ ಗೂಡು ಬದಲಿಸುವವರಿಗೆ ಇದೇ ಸೂಕ್ತ. ಒಂದೆರಡು ಪ್ಲಗ್ಗು, ಒಂದು ಕೇಬಲ್, ಮುಗಿಯಿತು. ಎರಡನೆಯದು ಒಂದೇ ಪೆಟ್ಟಿಗೆಯಲ್ಲಿ ಎಲ್ಲವೂ ಬರುವ 5.1 ಸೆಟ್. ಸ್ಪೀಕರ್‌ಗಳ ಎಣಿಕೆಗೆ ಹೋಲಿಸಿದರೆ ಬೆಲೆ ಅಗ್ಗ, ಅದೇ ಅದರ ಆಕರ್ಷಣೆ. ಆದರೆ ಅದರ ಪುಟ್ಟ ಸ್ಪೀಕರ್‌ಗಳು ಗಂಡಸಿನ ಕಂಠದ ಕೆಳಭಾಗವನ್ನೂ ಸರಿಯಾಗಿ ಎತ್ತಲಾರವು. ಆ ಭಾಗವನ್ನು ಮೂಲೆಯ ಸಬ್‌ವೂಫರ್ ನುಡಿಸುವುದರಿಂದ ಮಾತು ಅರ್ಧ ಪರದೆಯಿಂದಲೂ ಅರ್ಧ ನೆಲದಿಂದಲೂ ಬಂದಂತಾಗುತ್ತದೆ. ಒಂದು ಭಾಗ ಕೆಟ್ಟರೆ ಬೇರೆ ಕಂಪನಿಯದನ್ನು ಜೋಡಿಸಲೂ ಸಾಮಾನ್ಯವಾಗಿ ಆಗದು.

ಮೂರನೆಯದು ರಿಸೀವರ್ ಬೇರೆ, ಸ್ಪೀಕರ್ ಬೇರೆಯಾಗಿ ಕೊಂಡು ಹಂತಹಂತವಾಗಿ ಬೆಳೆಸುವ ದಾರಿ. ಸ್ವಂತ ಮನೆಯಿದ್ದು ತುಸು ತಾಳ್ಮೆಯೂ ಇದ್ದರೆ ಇದನ್ನು ಮೀರಿಸುವುದು ಬೇರಿಲ್ಲ. ರಿಸೀವರ್ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ, ಏಕೆಂದರೆ ಎಚ್‌ಡಿಎಂಐ ಬದಲಾಗುತ್ತಲೇ ಇರುತ್ತದೆ. ವಿದ್ಯುತ್ ಪ್ಲಗ್ಗೇ ಇಲ್ಲದ ಸಾದಾ ಸ್ಪೀಕರ್‌ಗೆ ಆ ಕಾಟವಿಲ್ಲ. ಎರಡು ತಂತಿ ಸಿಕ್ಕರೆ ಸಾಕು, ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ದುಡಿಯುತ್ತದೆ. ಅರವತ್ತು ಸಾವಿರವಿದ್ದರೆ ಸುಮಾರು ಇಪ್ಪತ್ತೈದು ಸಾವಿರ ರಿಸೀವರ್‌ಗೆ, ಹದಿನೆಂಟು ಸಾವಿರ ಎಡ ಬಲದ ಜೋಡಿಗೆ, ಹತ್ತು ಹನ್ನೆರಡು ಸಾವಿರ ಸೆಂಟರ್‌ಗೆ, ಉಳಿದದ್ದು ತಂತಿ, ಬ್ರಾಕೆಟ್ಟು, ಸ್ಟ್ಯಾಂಡಿಗೆ. ಸಬ್‌ವೂಫರ್ ಮುಂದಿನ ದೀಪಾವಳಿಗೆ, ಸರೌಂಡ್ ಅದರ ಮುಂದಿನ ದೀಪಾವಳಿಗೆ. ಐದೂ ಸ್ಪೀಕರನ್ನು ಒಂದೇ ದಿನ ತರುವ ಆಸೆಗೆ ಐದನ್ನೂ ಅಗ್ಗದ್ದೇ ತಂದವರು ಕೊನೆಗೆ ಐದನ್ನೂ ಬದಲಿಸುತ್ತಾರೆ.

ಎಡ ಬಲಕ್ಕೆ ಎದೆಯೆತ್ತರದ ಟವರ್ ಸ್ಪೀಕರ್ ಬೇಕೇ? ನೋಡಲು ಗತ್ತು, ನಿಜ. ಆದರೆ ಸಬ್‌ವೂಫರ್ ಸೇರಿಸುವ ಯೋಜನೆ ಇದ್ದರೆ 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯನ್ನು ರಿಸೀವರ್ ಹೇಗೂ ಅದಕ್ಕೇ ಒಪ್ಪಿಸುತ್ತದೆ; ಟವರ್‌ನ ಹೆಚ್ಚುವರಿ ಪೆಟ್ಟಿಗೆಗೆ ಕೊಟ್ಟ ದುಡ್ಡು ಬಹುಪಾಲು ನಿಷ್ಪ್ರಯೋಜಕ. ಅದೇ ಬೆಲೆಗೆ ಒಳ್ಳೆಯ ಬುಕ್‌ಶೆಲ್ಫ್ ಜೋಡಿ ಸಿಗುತ್ತದೆ. ಐದರಿಂದ ಆರೂವರೆ ಇಂಚಿನ ವೂಫರ್, ಒಂದು ಇಂಚಿನ ಟ್ವೀಟರ್ ಇರುವ ಜೋಡಿ ಇಂಥ ಹಾಲ್‌ಗೆ ಧಾರಾಳ. ವಾರ್ಫ್‌ಡೇಲ್, ಪೋಕ್, ಕ್ಯೂ ಅಕೌಸ್ಟಿಕ್ಸ್, ಕ್ಲಿಪ್ಶ್, ಎಲಾಕ್ ಮುಂತಾದವುಗಳ ಆರಂಭಿಕ ಶ್ರೇಣಿಗಳೂ, 1970ರಲ್ಲಿ ಶುರುವಾದ ಕೋಲ್ಕತ್ತದ ಸೋನೊಡೈನ್ ಸಂಸ್ಥೆಯ ಸ್ಪೀಕರ್‌ಗಳೂ ನೋಡತಕ್ಕವು. ಬುಕ್‌ಶೆಲ್ಫ್‌ನ ಪೋರ್ಟ್, ಅಂದರೆ ಗಾಳಿ ಹೊರಡುವ ರಂಧ್ರ, ಹಿಂದೆ ಇದೆಯೇ ಮುಂದೆ ಇದೆಯೇ ಎಂದು ನೋಡುವುದು ಒಳ್ಳೆಯದು. ಗೋಡೆಗೆ ಅಂಟಿಸಿ ಇಡಬೇಕಾದ ಮನೆಗಳಲ್ಲಿ ಮುಂದೆ ಪೋರ್ಟ್ ಇರುವುದು ಅಥವಾ ಪೋರ್ಟೇ ಇಲ್ಲದ ಮುಚ್ಚಿದ ಪೆಟ್ಟಿಗೆ ಕಡಿಮೆ ಗುಂಯ್‌ಗುಡುತ್ತದೆ.

ಸೆಂಟರ್ ಮಾತ್ರ ಎಡ ಬಲದ ಜೋಡಿಯ ಕಂಪನಿಯದೇ, ಸಾಧ್ಯವಾದರೆ ಅದೇ ಶ್ರೇಣಿಯದೇ ಇರಬೇಕು. ಇಲ್ಲವಾದರೆ ಪಾತ್ರ ಪರದೆಯ ಒಂದು ಕೊನೆಯಿಂದ ಇನ್ನೊಂದಕ್ಕೆ ನಡೆಯುವಾಗ ನಡುವೆ ಕಂಠವೇ ಬದಲಾಗುತ್ತದೆ. ಅದನ್ನು ಟಿವಿ ಯೂನಿಟ್‌ನ ಗೂಡಿನೊಳಗೆ ತುರುಕಿದರೆ ಮಾತು ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಅಂಚಿಗೆ ತಂದು, ಹಿಂಭಾಗವನ್ನು ತುಸು ತಗ್ಗಿಸಿ ಮೂತಿಯನ್ನು ಕಿವಿಯ ಕಡೆಗೆ ಎತ್ತಿಡಬೇಕು.

ಇನ್ನು ಅಂಗಡಿಯ ಕಾರ್ಡಿನ ಮೇಲಿನ ಅಂಕಿಗಳು. ‘1000 ವ್ಯಾಟ್’ ಎಂದು ಬರೆದದ್ದು ಪಿಎಂಪಿಒ ಆಗಿದ್ದರೆ ಅದಕ್ಕೆ ಅರ್ಥವಿಲ್ಲ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ, ಎಷ್ಟು ಎಂದು ಕೇಳಬೇಕು. ಅದಕ್ಕಿಂತ ಉಪಯುಕ್ತವಾದದ್ದು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬುದು ಅದರ ಲೆಕ್ಕ. 86 ಡೆಸಿಬಲ್‌ನ ಸಾಧಾರಣ ಸ್ಪೀಕರೊಂದನ್ನು ತೆಗೆದುಕೊಳ್ಳಿ. ಎಂಟು ಅಡಿ ದೂರದ ಸೋಫಾ ತಲುಪುವಷ್ಟರಲ್ಲಿ, ಕೋಣೆಯ ಪ್ರತಿಫಲನದ ನೆರವನ್ನೂ ಸೇರಿಸಿ, ಸುಮಾರು 6 ಡೆಸಿಬಲ್ ಸೋರಿಹೋಗುತ್ತದೆ. ಅಂದರೆ ಒಂದು ವ್ಯಾಟ್‌ಗೆ ಸೋಫಾದಲ್ಲಿ 80 ಡೆಸಿಬಲ್. ಫ್ಲ್ಯಾಟ್‌ನಲ್ಲಿ ನೆಮ್ಮದಿಯಿಂದ ಸಿನಿಮಾ ನೋಡುವ ಮಟ್ಟ ಸರಾಸರಿ 70 ಡೆಸಿಬಲ್, ಅಬ್ಬರದ ಕ್ಷಣಗಳಲ್ಲಿ 90 ಎಂದಿಟ್ಟುಕೊಂಡರೆ ಬೇಕಾದದ್ದು ಕೇವಲ ಹತ್ತು ವ್ಯಾಟ್! ಸಿನಿಮಾ ಮಂದಿರಗಳ ಮಾನದಂಡದ 105 ಡೆಸಿಬಲ್ ಶಿಖರಕ್ಕೆ ಇದೇ ಸ್ಪೀಕರ್‌ಗೆ ಮುನ್ನೂರು ವ್ಯಾಟ್ ದಾಟಬೇಕಾಗುತ್ತದೆ, ಏಕೆಂದರೆ ಪ್ರತಿ 3 ಡೆಸಿಬಲ್ ಹೆಚ್ಚಳಕ್ಕೂ ವ್ಯಾಟ್ ಇಮ್ಮಡಿಯಾಗುತ್ತದೆ. ಆ ಮಟ್ಟದಲ್ಲಿ ಕೇಳಲು ಸೊಸೈಟಿ ಬಿಡಬೇಕಲ್ಲ. ಆದ್ದರಿಂದ ಚಾನೆಲ್‌ಗೆ ಪ್ರಾಮಾಣಿಕವಾದ ಐವತ್ತು ಅರವತ್ತು ವ್ಯಾಟ್ ಕೊಡುವ ಆರಂಭಿಕ ರಿಸೀವರ್ ಸಾಕು. ಇಂಪೀಡೆನ್ಸ್ ಮಾತ್ರ 8 ಅಥವಾ 6 ಓಮ್ ಇರಲಿ. 4 ಓಮ್‌ನ ಸ್ಪೀಕರ್ ಅಗ್ಗದ ರಿಸೀವರನ್ನು ಬಿಸಿಯೇರಿಸಿ ನಿಲ್ಲಿಸಿಬಿಡಬಹುದು.

ಸಬ್‌ವೂಫರ್ ವಿಚಾರದಲ್ಲಿ ಕೋಣೆಯೂ ಕಾನೂನೂ ಒಟ್ಟಿಗೆ ಅಡ್ಡ ಬರುತ್ತವೆ. ಎದುರುಬದುರು ಗೋಡೆಗಳ ನಡುವಿನ ಅಂತರಕ್ಕೆ ಸರಿಯಾಗಿ ಕೆಲವು ಸ್ವರಗಳು ಕೋಣೆಯಲ್ಲಿ ತುಂಬಿ ನಿಲ್ಲುತ್ತವೆ. ಹತ್ತು ಅಡಿ ಅಂತರಕ್ಕೆ ಸುಮಾರು 56 ಹರ್ಟ್ಸ್, ಹದಿನಾಲ್ಕು ಅಡಿಗೆ ಸುಮಾರು 40. ಇವು ಗೋಡೆಯ ಬಳಿ ಜೋರಾಗಿಯೂ ನಡುವೆ ಕ್ಷೀಣವಾಗಿಯೂ ಕೇಳಿಸುತ್ತವೆ. ಪಾರ್ಲೆಯ ಸೋಫಾ ಹತ್ತು ಅಡಿ ಅಂತರದ ಕೊನೆಯ ಗೋಡೆಗೆ ಒರಗಿದೆ, ಹದಿನಾಲ್ಕು ಅಡಿಯ ನಟ್ಟನಡುವೆ ಇದೆ. ಫಲವಾಗಿ 56ರ ಆಸುಪಾಸಿನ ಬಾಸ್ ಕಿವಿಯಲ್ಲಿ ಗುಮ್ಮೆನ್ನುತ್ತದೆ, 40ರ ಬಾಸ್ ಎಲ್ಲಿಗೋ ಮಾಯವಾಗುತ್ತದೆ. ಎಷ್ಟು ದುಡ್ಡಿನ ಸಬ್‌ವೂಫರ್ ತಂದರೂ ಜಾಗ ತಪ್ಪಿದರೆ ಹೀಗೇ. ಸೋಫಾವನ್ನು ಒಂದಡಿ ಮುಂದಕ್ಕೂ ಒಂದಡಿ ಪಕ್ಕಕ್ಕೂ ಸರಿಸಿದರೆ ಬಿಟ್ಟಿಯಾಗಿ ಸಿಗುವ ಸುಧಾರಣೆ ದೊಡ್ಡದು. ಸಬ್‌ವೂಫರ್‌ಗೆ ಜಾಗ ಹುಡುಕುವ ಹಳೆಯ ಉಪಾಯ ತಮಾಷೆಯಾಗಿ ಕಂಡರೂ ಕೆಲಸ ಮಾಡುತ್ತದೆ: ಅದನ್ನು ಸೋಫಾದ ಮೇಲೆ, ಕೂರುವ ಜಾಗದಲ್ಲಿಟ್ಟು, ಬಾಸ್ ಇರುವ ಹಾಡು ಹಾಕಿ, ಮನುಷ್ಯರು ನೆಲದಲ್ಲಿ ಅಂಬೆಗಾಲಿಡುತ್ತಾ ಗೋಡೆಯ ಗುಂಟ ಸುತ್ತಬೇಕು. ಬಾಸ್ ಎಲ್ಲಿ ಸಮನಾಗಿ ಕೇಳಿಸುತ್ತದೋ ಅಲ್ಲಿ ಸಬ್‌ವೂಫರ್ ಇಡಬೇಕು.

ತಗ್ಗು ಶಬ್ದಕ್ಕೆ ಕಾಂಕ್ರೀಟ್ ಸ್ಲ್ಯಾಬ್ ದೊಡ್ಡ ತಡೆಯಲ್ಲ. ಮಾತು ಗೋಡೆಯಲ್ಲಿ ಅಡಗುತ್ತದೆ, ಬಾಸ್ ಕೆಳಗಿನ ಮನೆಯ ಪಾತ್ರೆ ಅಲುಗಿಸುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಖಾಸಗಿ ಧ್ವನಿ ವ್ಯವಸ್ಥೆಯ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಕಾನೂನಿನ ಮಾತು ಬರುವ ಮುಂಚೆಯೇ ಸೊಸೈಟಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮಾತು ಬಂದಿರುತ್ತದೆ. ಹನ್ನೆರಡು ಇಂಚಿನ ರಾಕ್ಷಸನಿಗಿಂತ ಎಂಟು ಅಥವಾ ಹತ್ತು ಇಂಚಿನದು, ಅದರಲ್ಲೂ ನೆಲಕ್ಕೆ ಮುಖ ಮಾಡದೆ ಎದುರಿಗೆ ಮುಖ ಮಾಡಿದ್ದು ಇಲ್ಲಿಗೆ ಒಪ್ಪುತ್ತದೆ. ಕೆಳಗೊಂದು ದಪ್ಪ ಫೋಮಿನ ಹಾಸು ಹಾಕಿದರೆ ಪೆಟ್ಟಿಗೆಯ ನಡುಕ ನೆಲಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಗಾಳಿಯಲ್ಲಿ ಹರಡುವ ಬಾಸನ್ನು ಅದು ತಡೆಯದು.

ಸರೌಂಡ್ ಸ್ಪೀಕರ್‌ಗಳ ಬಗ್ಗೆ ಇಷ್ಟು ಚಿಂತೆ ಬೇಡ. ಡಾಲ್ಬಿಯ ಶಿಫಾರಸು ಕೂತವರ ಮುಖದ ದಿಕ್ಕಿನಿಂದ 110ರಿಂದ 120 ಡಿಗ್ರಿ, ಅಂದರೆ ಪಕ್ಕಕ್ಕಿಂತ ತುಸು ಹಿಂದೆ. ಸೋಫಾ ಗೋಡೆಗೆ ಅಂಟಿದ್ದರೆ ‘ಹಿಂದೆ’ ಎಂಬುದೇ ಇಲ್ಲ. ಸೋಫಾದ ಎರಡೂ ಕೊನೆಗಳಿಂದ ಆಚೆಗೆ, ಕಿವಿಗಿಂತ ಎರಡಡಿ ಮೇಲೆ, ಬ್ರಾಕೆಟ್‌ನಲ್ಲಿ ಚಿಕ್ಕ ಜೋಡಿ ಹಾಕಿದರೆ ಆಯಿತು. ‘ವೈರ್‌ಲೆಸ್’ ಎಂದು ಮಾರುವ ಸರೌಂಡ್‌ಗೂ ವಿದ್ಯುತ್ ಪ್ಲಗ್ ಬೇಕು ಎಂಬುದನ್ನು ಅಂಗಡಿಯಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. 2012ರಲ್ಲಿ ಚಿತ್ರಮಂದಿರಕ್ಕೂ 2014ರಲ್ಲಿ ಮನೆಗೂ ಬಂದ ಡಾಲ್ಬಿ ಅಟ್ಮಾಸ್ ಎತ್ತರದ ಸ್ಪೀಕರ್‌ಗಳನ್ನೂ ಬೇಡುತ್ತದೆ. ಮೇಲ್ಮುಖವಾಗಿ ಧ್ವನಿ ಚಿಮ್ಮಿಸಿ ಸೀಲಿಂಗ್‌ನಿಂದ ಕೆಳಕ್ಕೆ ಪುಟಿಸುವ ಸ್ಪೀಕರ್‌ಗಳಿಗೆ ನಯವಾದ, ಸಮತಟ್ಟಾದ ಸೀಲಿಂಗ್ ಬೇಕು; ತೊಲೆ, ಮೆಟ್ಟಿಲು ಮೆಟ್ಟಿಲಿನ ಪಿಒಪಿ, ನಡುವೆ ಗಿರಗಿರ ಫ್ಯಾನ್ ಇರುವ ಹಾಲ್‌ನಲ್ಲಿ ಅದು ಹೇಳಿದ ಹಾಗೆ ಕೆಲಸ ಮಾಡುವುದು ಅಪರೂಪ. ಮೊದಲ ಬಜೆಟ್ಟಿನಲ್ಲಿ ಅಟ್ಮಾಸ್ ಬಿಡುವುದೇ ಜಾಣತನ.

ಟಿವಿಯಿಂದ ಧ್ವನಿ ತರಲು ಎಚ್‌ಡಿಎಂಐ ಎಆರ್‌ಸಿ ಎಂದು ಬರೆದ ರಂಧ್ರವನ್ನೇ ಬಳಸಬೇಕು. ಒಟಿಟಿಗಳ 5.1 ಮತ್ತು ಅಟ್ಮಾಸ್ ಎರಡೂ ಸಾಮಾನ್ಯವಾಗಿ ಇದರಲ್ಲೇ ಹಾಯುತ್ತವೆ. ಬ್ಲೂರೇ ಡಿಸ್ಕಿನ ಗುಣ ಕಳೆದುಕೊಳ್ಳದ (ಲಾಸ್‌ಲೆಸ್) ಧ್ವನಿಯನ್ನು ಟಿವಿಯ ಮೂಲಕ ಕಳಿಸುವವರಿಗೆ ಮುಖ್ಯವಾಗಿ ಅದರ ಸುಧಾರಿತ ರೂಪವಾದ ಇಎಆರ್‌ಸಿ ಬೇಕಾಗುತ್ತದೆ. ಆಪ್ಟಿಕಲ್ ಕೇಬಲ್‌ನಲ್ಲಿ ಡಾಲ್ಬಿ ಡಿಜಿಟಲ್ 5.1 ಬರುತ್ತದೆ, ಅಟ್ಮಾಸ್ ಬರುವುದಿಲ್ಲ. ಬ್ಲೂಟೂತ್ ಹಾಡಿಗೆ ಸರಿ, ಸಿನಿಮಾಕ್ಕೆ ತುಟಿ ಮೊದಲು ಮಾತು ಆಮೇಲೆ.

ಕೊಳ್ಳಲು ಮುಂಬೈಯಲ್ಲಿ ನೆನಪಾಗುವ ಹಳೆಯ ಜಾಗ ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರೋಡ್. ಪಾರ್ಲೆಯಿಂದ ಚರ್ಚ್‌ಗೇಟ್ ಸ್ಲೋ ಲೋಕಲ್ ಹತ್ತಿ ಗ್ರಾಂಟ್ ರೋಡಿನಲ್ಲಿ ಇಳಿದರೆ ನಡೆಯುವ ದೂರ. ತಂತಿ, ಬನಾನಾ ಪ್ಲಗ್, ಬ್ರಾಕೆಟ್‌ಗಳಿಗೆ ಅದು ಈಗಲೂ ಸರಿಯಾದ ತಾಣ. ಸ್ಪೀಕರನ್ನು ಮಾತ್ರ ಡೆಮೊ ಕೋಣೆ ಇರುವ ಅಧಿಕೃತ ಮಾರಾಟಗಾರರ ಬಳಿ ಕೇಳಿಯೇ ಆರಿಸಬೇಕು, ಬಿಲ್ಲು ವಾರಂಟಿ ಪಡೆಯಬೇಕು. ಡೆಮೊದಲ್ಲಿ ಅಂಗಡಿಯವರು ಹಾಕುವುದು ಕಾರು ಸಿಡಿಯುವ, ಹೆಲಿಕಾಪ್ಟರ್ ಸುತ್ತುವ ದೃಶ್ಯಗಳನ್ನು. ಅದರಲ್ಲಿ ಕೆಟ್ಟ ಸ್ಪೀಕರೂ ಚೆನ್ನಾಗಿ ಕೇಳಿಸುತ್ತದೆ. ಪೆನ್‌ಡ್ರೈವಿನಲ್ಲಿ ಸ್ವಂತ ತುಣುಕುಗಳನ್ನು ಒಯ್ಯಬೇಕು. ಕನ್ನಡಿಗರ ಕೈಯಲ್ಲಿ ಇದಕ್ಕೆ ಒಳ್ಳೆಯ ಸಾಮಗ್ರಿಯಿದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳ ಮಾತೇ ಪ್ರಧಾನ. ‘ಸ’, ‘ಶ’, ‘ಷ’ಗಳು ಸೀಳಿದಂತೆ ಕೇಳಿಸಿದರೆ ಆ ಟ್ವೀಟರ್ ಮೂರು ಗಂಟೆಯ ಸಿನಿಮಾದಲ್ಲಿ ತಲೆನೋವು ತರುತ್ತದೆ. ದನಿ ಮೂಗಿನಲ್ಲಿ ಬಂದಂತಿದ್ದರೆ ಸೆಂಟರ್‌ನ ನಡುಸ್ತರ ಸರಿಯಿಲ್ಲ. ಯಕ್ಷಗಾನದ ಚೆಂಡೆಯ ಏಟು ಒಂದೊಂದೂ ಬಿಡಿಬಿಡಿಯಾಗಿ ಬೀಳಬೇಕು, ಅದರಡಿಯಲ್ಲಿ ಮದ್ದಳೆಯ ನಾದವೂ ಭಾಗವತರ ಪದದ ಅಕ್ಷರಗಳೂ ಮುಚ್ಚಿಹೋಗಬಾರದು. ಪಿಸುಮಾತಿನಿಂದ ಕೂಗಿಗೆ ಜಿಗಿಯುವ ಶಕ್ತಿ ನೋಡಲು 2022ರ ‘ಕಾಂತಾರ’ದ ಕೊನೆಯ ಭಾಗದ ದೈವದ ಕೂಗಿಗಿಂತ ಬೇರೆ ಬೇಡ. ಎರಡು ಜೋಡಿ ಹೋಲಿಸುವಾಗ ವಾಲ್ಯೂಮ್ ಸಮವಾಗಿರುವಂತೆ ನೋಡಿಕೊಳ್ಳಬೇಕು. ಒಂದೆರಡು ಡೆಸಿಬಲ್ ಜೋರಾಗಿ ನುಡಿಸಿದ್ದನ್ನೇ ಕಿವಿ ‘ಚೆನ್ನಾಗಿದೆ’ ಎನ್ನುತ್ತದೆ, ಮಾರಾಟಗಾರರಿಗೆ ಇದು ಗೊತ್ತು. ಕೊಂಡ ಮೇಲೆ ಸಬ್‌ವೂಫರನ್ನು ಸಂಜೆಯ ಲೋಕಲ್‌ನಲ್ಲಿ ತರುವ ಸಾಹಸ ಬೇಡ. ಟೆಂಪೊ ಮಾಡುವುದು ವಾಸಿ.

ನಾಲ್ಕು ತಿಂಗಳ ಮಳೆ, ಜುಹೂ ಕಡಲಿನ ಉಪ್ಪುಗಾಳಿ ಸ್ಪೀಕರನ್ನೂ ಬಿಡುವುದಿಲ್ಲ. ಕೋನ್‌ನ ಸುತ್ತಲಿನ ಉಂಗುರ ಫೋಮಿನದಾದರೆ ತೇವಕ್ಕೆ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ, ರಬ್ಬರಿನದು ಬಾಳುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಜಾಲರಿ ತೆಗೆಸಿ ಮೊದಲು ನೋಡಬೇಕಾದದ್ದು ಈ ಉಂಗುರವನ್ನೇ. ಎಂಡಿಎಫ್ ಪೆಟ್ಟಿಗೆ ನೆಲದ ಒದ್ದೆ ಕುಡಿದು ಊದಿಕೊಳ್ಳುತ್ತದೆ. ನೆಲ ಒರೆಸುವ ಮನೆಯಲ್ಲಿ ಅದನ್ನು ಕಾಲುಗಳ ಮೇಲೆ ಎತ್ತಿಡಬೇಕು. ತಂತಿಗೆ ‘ಆಡಿಯೋ ಗ್ರೇಡ್’ ಎಂದು ಹೇಳಿ ಸಾವಿರಗಟ್ಟಲೆ ಕೇಳಿದರೆ ಕೊಡಬೇಕಾಗಿಲ್ಲ. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರಿನ ಎರಡೆಳೆಯ ಶುದ್ಧ ತಾಮ್ರದ ತಂತಿ ಎಂಟು ಮೀಟರ್ ಓಡಿದರೂ ಒಟ್ಟು ತಡೆ 0.2 ಓಮ್ ಆಸುಪಾಸು, 8 ಓಮ್‌ನ ಸ್ಪೀಕರ್‌ಗೆ ಅದು ನಗಣ್ಯ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗವೆಂದು ತಂದರೆ ತುದಿಗಳು ಬೇಗ ಕಪ್ಪಾಗುತ್ತವೆ. ವಿದೇಶದ ನೆಂಟರು ತಂದುಕೊಡುವ ರಿಸೀವರ್ ಬಗ್ಗೆಯೂ ಒಂದು ಮಾತು: ದುಬೈಯಿಂದ ಬಂದದ್ದಕ್ಕೆ ಪ್ಲಗ್ ಬದಲಿಸಿದರೆ ಸಾಕು, ಅಮೆರಿಕದ 120 ವೋಲ್ಟಿನದನ್ನು ಇಲ್ಲಿನ 230ಕ್ಕೆ ನೇರ ಚುಚ್ಚಿದರೆ ಅಲ್ಲಿಗೇ ಅದರ ಕಥೆ ಮುಗಿಯುತ್ತದೆ. ಸಾದಾ ಸ್ಪೀಕರ್‌ಗಳು ಮಾತ್ರ ಯಾವ ದೇಶದ್ದಾದರೂ ಇಲ್ಲಿ ನುಡಿಯುತ್ತವೆ.

ಜೋಡಿಸುವಾಗ ಎಡ ಬಲದ ಸ್ಪೀಕರ್‌ಗಳು ಕೂತವರಿಂದ ಎರಡೂ ಕಡೆಗೆ 22ರಿಂದ 30 ಡಿಗ್ರಿಯಲ್ಲಿರಬೇಕು. ಎಂಟು ಅಡಿ ದೂರಕ್ಕೆ ಇದು ಅವೆರಡರ ನಡುವೆ ಆರೂವರೆಯಿಂದ ಒಂಬತ್ತು ಅಡಿ. ಟ್ವೀಟರ್ ಕಿವಿಯ ಮಟ್ಟಕ್ಕೆ. ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ತಿರುವುಮುರುವಾದರೆ ಬಾಸ್ ಸೊರಗಿ ಮಾತು ಚದುರುತ್ತದೆ, ಹಾಗಾಗಿ ತಂತಿಯ ಗುರುತನ್ನು ಎರಡೂ ತುದಿಯಲ್ಲಿ ನೋಡಬೇಕು. ರಿಸೀವರ್‌ನ ಮೆನುವಿನಲ್ಲಿ ಸ್ಪೀಕರ್‌ಗಳನ್ನು ‘ಸ್ಮಾಲ್’ ಎಂದು ಹಾಕಿ ಕ್ರಾಸೋವರ್, ಅಂದರೆ ಬಾಸ್ ಸಬ್‌ವೂಫರ್‌ಗೆ ದಾಟುವ ಗಡಿಯನ್ನು, 80 ಹರ್ಟ್ಸ್‌ಗೆ ಇಡಬೇಕು. ಇದು ಸಬ್‌ವೂಫರ್ ಬಂದ ಮೇಲಿನ ಮಾತು. ಅಲ್ಲಿಯವರೆಗೆ ಎಡ ಬಲ ‘ಲಾರ್ಜ್’ ಆಗಿಯೇ ಇರಲಿ. ಮಾತು ಇನ್ನೂ ಸಾಲದೆನಿಸಿದರೆ ಸೆಂಟರನ್ನು ಎರಡು ಮೂರು ಡೆಸಿಬಲ್ ಏರಿಸಬಹುದು. ರಾತ್ರಿ ಹತ್ತರ ನಂತರ ಡೈನಾಮಿಕ್ ರೇಂಜ್ ಕಂಪ್ರೆಷನ್ ಅಥವಾ ನೈಟ್ ಮೋಡ್ ಹಾಕಿದರೆ ಪಿಸುಮಾತು ಮೇಲೇರಿ ಸ್ಫೋಟ ಕೆಳಗಿಳಿಯುತ್ತದೆ. ಕೆಲವು ರಿಸೀವರ್‌ಗಳ ಜೊತೆ ಅಳತೆಗೆ ಮೈಕ್ ಬರುತ್ತದೆ, ಇಲ್ಲದಿದ್ದರೆ ಟೇಪ್ ಹಿಡಿದು ದೂರ ಅಳೆದು, ಟೆಸ್ಟ್ ಟೋನ್ ಹಾಕಿ, ಫೋನಿನ ಸೌಂಡ್ ಮೀಟರ್ ಆ್ಯಪ್‌ನಲ್ಲಿ ಎಲ್ಲ ಸ್ಪೀಕರ್‌ಗಳ ಮಟ್ಟವನ್ನು ಸಮ ಮಾಡಬಹುದು. ಸೋಫಾದ ಜಾಗ ಬದಲಾದರೆ, ದಪ್ಪ ಪರದೆ ಅಥವಾ ಜಮಖಾನ ಬಂದರೆ, ಹೊಸ ಸ್ಪೀಕರ್ ಸೇರಿದರೆ ಈ ಅಳತೆಯನ್ನು ಮತ್ತೆ ಮಾಡಬೇಕು. ಅರ್ಧ ಗಂಟೆಯ ಕೆಲಸ, ಫ್ಯಾನ್ ಆರಿಸಿ, ವಿಮಾನಗಳ ಓಡಾಟ ಕಡಿಮೆಯಿರುವ ಹೊತ್ತಿನಲ್ಲಿ.